ಶಟ್ಟೆಪ್ಪನ ಕಂಬವಿಲ್ಲದ ಮಂದಿರ

ಶಟ್ಟೆಪ್ಪ ಹೋದ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ಕಾಮಾಲೆ. ವಯಸ್ಸು ನಲವತ್ತರ ಆಸುಪಾಸು. ಕೇಳಿದಾಗಲೆಲ್ಲ ಅವನ ತಾಯಿ ಕೆಂಪವ್ವ ಹುಟ್ಟಿದ ವರ್ಷವನ್ನು ಬೇರೆ ಬೇರೆ ಹೇಳುತ್ತಿದ್ದಳು.

ಸುದ್ದಿ ತಂದವನು ಅವನ ಜೊತೆ ಕೆಲಸ ಮಾಡುತ್ತಿದ್ದ ರಾಯಪ್ಪ. ಬುಧವಾರ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಬಂದು, ನನ್ನ ಕಟ್ಟಿಗೆ ಅಡ್ಡೆಯ ಬಾಗಿಲಲ್ಲಿ ನಿಂತ. ನಾನು ಯಾರಿಗೋ ಉರುವಲು ತೂಗುತ್ತಿದ್ದೆ.

"ಶಟ್ಟೆಪ್ಪಣ್ಣ ತೀರಕೊಂಡ್ರಿ, ನಿನ್ನೆ" ಎಂದ.

ನನ್ನ ಕೈಯಲ್ಲಿದ್ದ ಕಟ್ಟಿಗೆ ತಕ್ಕಡಿಯ ಮೇಲೂ ಹೋಗಲಿಲ್ಲ, ಕೆಳಗೂ ಬೀಳಲಿಲ್ಲ.

"ತೂಕ ಮುಗಸ್ರಿ ಮೊದಲ. ಬಸ್ಸಿಗೆ ಇನ್ನೂ ಹೊತ್ತೈತಿ" ಎಂದು ಅವನೇ ಹೇಳಿದ. ನಾನು ತೂಕ ಮುಗಿಸಿದೆ. ಗಿರಾಕಿ ಕಟ್ಟಿಗೆ ಹೊತ್ತುಕೊಂಡು ಹೋದ. ನಾವು ಬಸ್‌ಸ್ಟ್ಯಾಂಡಿಗೆ ಹೋದೆವು.

ಶಟ್ಟೆಪ್ಪನನ್ನು ನಾನು ಮೊದಲು ಕಂಡದ್ದೂ ಅದೇ ತಕ್ಕಡಿಯ ಹತ್ತಿರ, ೧೯೭೧ರಲ್ಲಿ. ಕಿತ್ತೂರಿನ ಕಡೆಯಿಂದ ನೀಲಗಿರಿಯ ಸಣ್ಣ ಗಳ ತುಂಬಿಕೊಂಡು ಒಂದು ಲಾರಿ ಬಂದಿತ್ತು. ನೆಡುತೋಪಿನಲ್ಲಿ ಮರಗಳು ಒತ್ತಾದಾಗ ನಡುನಡುವೆ ಕಡಿದು ಹಾಕುವಂಥವು. ತೋಳಿನಷ್ಟು ದಪ್ಪ, ಹಲಗೆ ಸೀಳಲು ಬಾರದವು, ಒಲೆಗೆ ಮಾತ್ರ ಆಗುವವು. ಅಂಥ ರಾಶಿಯಲ್ಲಿ ಒಬ್ಬ ಮನುಷ್ಯ ಕುಳಿತು ಗಳಗಳನ್ನು ಒಂದೊಂದಾಗಿ ಎತ್ತಿ, ಒಂದು ಕಣ್ಣು ಮುಚ್ಚಿ ಬಂದೂಕಿನಂತೆ ಗುರಿ ಹಿಡಿದು ನೋಡಿ, ಕೆಲವನ್ನು ಎಡಕ್ಕೂ ಕೆಲವನ್ನು ಬಲಕ್ಕೂ ಇಡುತ್ತಿದ್ದ. ನನ್ನ ಅಡ್ಡೆಯಲ್ಲಿ ಉರುವಲನ್ನು ಆರಿಸಿಕೊಂಡವರು ಅದುವರೆಗೆ ಯಾರೂ ಇರಲಿಲ್ಲ.

"ಯಾವುದಾದ್ರೇನಪಾ, ಉರೀತಾವ" ಎಂದೆ.

"ಉರಿಯಾಕಲ್ರಿ ಸಾವಕಾರ್ರ, ಹೊರಾಕ."

"ಏನ ಹೊರಾಕ?"

"ಮನಿ."

ನಾನು ನಕ್ಕೆ. ಅವನು ನಗಲಿಲ್ಲ. ಅವನು ನಗುವುದನ್ನು ನೋಡಲು ನನಗೆ ಮೂರು ವರ್ಷ ಹಿಡಿಯಿತು. ನಕ್ಕಾಗಲೂ ಅದು ನನ್ನ ಮಾತಿಗಲ್ಲ.

ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವಾಗ ಒಳಗೆ ತಿರುಗಿ ಸಿಗುವ ಒಂದು ಹಳ್ಳಿ ಅವನದು. ಬೈಲಹೊಂಗಲದಲ್ಲಿ ಸೆಂಟ್ರಿಂಗ್ ಮಿಸ್ತ್ರಿ ಆಗಿದ್ದ. ಕಾಂಕ್ರೀಟಿನ ಸ್ಲ್ಯಾಬ್ ಹಾಕುವಾಗ ಕೆಳಗೆ ಗಳಗಳನ್ನು ಒತ್ತೊತ್ತಾಗಿ ಊರಿ, ಹಲಗೆ ಹಾಸಿ, ಹಸಿ ಕಾಂಕ್ರೀಟನ್ನು ಹಿಡಿದು ನಿಲ್ಲಿಸುವ ಕೆಲಸ. ಸ್ಲ್ಯಾಬ್ ಗಟ್ಟಿಯಾದ ಮೇಲೆ ಗಳ ಕಿತ್ತು ಹೊರಗೆ ಹಾಕುತ್ತಾರೆ. ಮನೆಯ ಪ್ರವೇಶಕ್ಕೆ ಮಿಸ್ತ್ರಿಯನ್ನೂ ಕರೆಯುವುದಿಲ್ಲ, ಗಳವನ್ನೂ ಇಟ್ಟುಕೊಳ್ಳುವುದಿಲ್ಲ.

"ಇಡೀ ಸ್ಲ್ಯಾಬ್ ಹೊತ್ತಿದ್ದು ಯಾರ್ರಿ? ಇದ. ಹೊತ್ತ ಮ್ಯಾಲ ಇದನ್ನ ಒಲಿಗೆ ಹಾಕತಾರ. ಒಂದ ತಿಂಗಳ ಹೊತ್ತದ್ದು ಮೂವತ್ತ ವರ್ಷ ಯಾಕ ಹೊರಬಾರದು?"

ಇದನ್ನು ಅವನು ಯಾರನ್ನೂ ಉದ್ದೇಶಿಸಿ ಹೇಳುತ್ತಿರಲಿಲ್ಲ. ಗಳ ನೋಡುತ್ತ ಹೇಳುತ್ತಿದ್ದ. ಗಳವನ್ನು ಸೀಳಬಾರದು, ಕೆತ್ತಿ ಚೌಕ ಮಾಡಬಾರದು ಎಂಬುದು ಅವನ ಇನ್ನೊಂದು ವಾದ. ಮರದ ಶಕ್ತಿಯೆಲ್ಲ ಹೊರಮೈಯ ಎಳೆಗಳಲ್ಲಿ ಇರುತ್ತದೆ, ಬಡಿಗರು ಅದನ್ನೇ ಕೆತ್ತಿ ಬಿಸಾಕಿ ಒಳಗಿನ ಮೆತ್ತನೆಯದನ್ನು ಇಟ್ಟುಕೊಳ್ಳುತ್ತಾರೆ ಎನ್ನುತ್ತಿದ್ದ. ಬಡಿಗರು ಇದನ್ನು ಒಪ್ಪಲಿಲ್ಲ. ವಿನಯ ಎಂಬುದು ಶಟ್ಟೆಪ್ಪನಲ್ಲಿ ಇರದೆ ಇದ್ದುದರಿಂದ ಅವನು ಅವರನ್ನು ಒಪ್ಪಿಸಲೂ ಹೋಗಲಿಲ್ಲ.

ಅವನು ಕಟ್ಟಿದ ಮೊದಲನೆಯದು ಕಿತ್ತೂರಿನ ಹತ್ತಿರ ಒಬ್ಬ ರೈತನ ಎಮ್ಮೆಯ ಕೊಟ್ಟಿಗೆ. ಹಸಿ ಗಳಗಳನ್ನು ತೊಗಟೆಯ ಸಮೇತ ಹಾಕಿದ. ನೋಡಲು ಚೆನ್ನಾಗಿತ್ತು. ಮಳೆಗಾಲ ಕಳೆದ ಮೇಲೆ ರೈತ ಬೈಲಹೊಂಗಲಕ್ಕೆ ಬಂದು, ಅಡ್ಡೆಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದ: "ಶಟ್ಟೆಪ್ಪ, ನಮ್ಮ ಎಮ್ಮಿಗೆ ಪೌಡರ್ ಹಚ್ಚಿದಂಗ ಆಗೇತಿ, ಬಂದ ನೋಡು." ತೊಗಟೆಯ ಕೆಳಗೆ ಹುಳು ಹೊಕ್ಕಿತ್ತು. ಮೇಲಿನ ಮಾಡಿನಿಂದ ಸಣ್ಣ ಹಿಟ್ಟು ಉದುರಿ ಎಮ್ಮೆಯ ಬೆನ್ನು ಬೆಳ್ಳಗಾಗಿತ್ತು. ಶಟ್ಟೆಪ್ಪ ಹೋಗಿ ನೋಡಿ ಬಂದ. "ಎಮ್ಮಿ ಚಂದ ಕಾಣತೈತಿ" ಎಂದಷ್ಟೇ ಹೇಳಿದ. ಆಮೇಲೆ ಕೊಟ್ಟಿಗೆಯನ್ನು ಬಿಚ್ಚಿ, ತನ್ನ ಕೂಲಿಯಲ್ಲೇ ಮತ್ತೆ ಕಟ್ಟಿಕೊಟ್ಟ. ಅಲ್ಲಿಂದ ಮುಂದೆ ಗಳಗಳ ತೊಗಟೆ ಸುಲಿದು, ತನ್ನ ಹಳ್ಳಿಯ ಹೊರಗಿನ ಹಳೆಯ ಕಲ್ಲಿನ ಕ್ವಾರಿಯಲ್ಲಿ ನಿಂತ ನೀರಿಗೆ ಹಾಕಿ, ಮೇಲೆ ಕಲ್ಲು ಹೇರಿ ಮುಳುಗಿಸಿ ಇಡತೊಡಗಿದ. ತಿಂಗಳುಗಟ್ಟಲೆ ನೆನೆದರೆ ಹುಳುವಿಗೆ ರುಚಿಸುವ ಸತ್ವ ಹೊರಟು ಹೋಗುತ್ತದೆ. ನೀರು ನಾತ ಹೊಡೆಯಿತು. ಕ್ವಾರಿಯ ದಂಡೆಯಲ್ಲಿ ಇಸ್ಪೀಟು ಆಡುವವರು ಬೇರೆ ಜಾಗ ಹುಡುಕಿಕೊಂಡರು. ಗಂಡಸರು ಸಂಜೆ ಮನೆಗೆ ಬೇಗ ಬರುತ್ತಾರೆಂದು ಹೆಂಗಸರು ಶಟ್ಟೆಪ್ಪನ ಬಗ್ಗೆ ಒಳ್ಳೆಯ ಮಾತಾಡಿದರು.

ಅವನು ಇಷ್ಟೆಲ್ಲ ಮಾಡುತ್ತಿದ್ದುದು ಒಂದು ಕಟ್ಟಡದ ಸಲುವಾಗಿ. ಅವರ ಓಣಿಯಲ್ಲಿ ಲಗ್ನಗಳು ಬೀದಿಯಲ್ಲಿ ಆಗುತ್ತಿದ್ದವು. ಊರಲ್ಲಿ ಮಂಟಪಗಳು ಇದ್ದವು, ಅವರಿಗೆ ಸಿಗುತ್ತಿರಲಿಲ್ಲ. ಆದ್ದರಿಂದ ಓಣಿಯವರು ಸೇರಿ ಕಲ್ಲು ಮಣ್ಣಿನ ನಾಲ್ಕು ಗೋಡೆ ಎಬ್ಬಿಸಿ ಅದಕ್ಕೆ ಸಮಾಜ ಮಂದಿರ ಎಂದು ಹೆಸರಿಟ್ಟಿದ್ದರು. ಮೇಲೆ ಮಾಡು ಇರಲಿಲ್ಲ. ದೊಡ್ಡ ತೊಲೆ ತರುವ ಶಕ್ತಿ ಯಾರಿಗೂ ಇರಲಿಲ್ಲ. ಸಣ್ಣ ತೊಲೆ ಹಾಕಿದರೆ ನಡುವೆ ಕಂಬ ನಿಲ್ಲಿಸಬೇಕು. ಹಿರಿಯರು ಕಂಬಕ್ಕೆ ಒಪ್ಪಿದ್ದರು.

ಶಟ್ಟೆಪ್ಪ ಒಪ್ಪಲಿಲ್ಲ. ಅದಕ್ಕೆ ಕಾರಣ ಅವನ ತಾಯಿ. ಶಟ್ಟೆಪ್ಪನ ಲಗ್ನ ಅವನ ಸೋದರಮಾವನ ಮನೆಯ ಪಡಸಾಲೆಯಲ್ಲಿ ಆಗಿತ್ತು. ನಡುವೆ ಒಂದು ದಪ್ಪ ಕಂಬ. ಮಂದಿ ತುಂಬಿದಾಗ ಕೆಂಪವ್ವನಿಗೆ ಅದರ ಹಿಂದೆ ಜಾಗ ಸಿಕ್ಕಿತು. ಅಕ್ಕಿಕಾಳು ಬೀಳುವಾಗ ಕಂಬದ ಆ ಮಗ್ಗುಲಿಗೆ ಹೋದಳು, ಅಲ್ಲಿ ಮಂದಿ. ಈ ಮಗ್ಗುಲಿಗೆ ಬಂದಳು, ಇಲ್ಲೂ ಮಂದಿ. ಅಷ್ಟರಲ್ಲಿ ಲಗ್ನ ಮುಗಿಯಿತು. ಆಮೇಲೆ ಯಾರಾದರೂ ಮಗನ ಲಗ್ನದ ವಿಷಯ ತೆಗೆದರೆ ಅವಳು ಹೇಳುವುದು ಇಷ್ಟೇ: "ಛಲೋ ಆತು. ಕಂಬ ಭಾಳ ಛಲೋ ಇತ್ತು."

೧೯೭೪ರಲ್ಲಿ ತಂಗಿ ಕಾಡವ್ವನ ಲಗ್ನ ಸಾಲಹಳ್ಳಿಯ ಹುಡುಗನ ಜೊತೆ ಗೊತ್ತಾಯಿತು. ಬೇಸಿಗೆಯ ಕೊನೆಗೆ ಮುಹೂರ್ತ. ಶಟ್ಟೆಪ್ಪ ಬೀಗರ ಮುಂದೆ, ಓಣಿಯ ಹಿರಿಯರ ಮುಂದೆ, ಕೇಳದವರ ಮುಂದೆಯೂ ಹೇಳಿಬಿಟ್ಟ: ಲಗ್ನ ಸಮಾಜ ಮಂದಿರದಲ್ಲಿ, ಮಾಡಿನ ಕೆಳಗೆ, ಮತ್ತು ನಡುವೆ ಕಂಬ ಇರುವುದಿಲ್ಲ. "ನಮ್ಮವ್ವ ಎಲ್ಲಿ ಕುಂತರೂ ಮಗಳ ಮುಖ ಕಾಣತೈತಿ."

ಕಂಬವಿಲ್ಲದೆ ಮಾಡು ಹೊರಲು ಅವನು ನೆಚ್ಚಿದ್ದು ಕೈಂಚಿಯನ್ನು, ಕತ್ತರಿಯ ಆಕಾರದ ಗಳದ ಚೌಕಟ್ಟನ್ನು. ಅದರ ಲೆಕ್ಕ ಸರಳ. ಎರಡು ಗೋಡೆಗಳಿಂದ ಎರಡು ಗಳ ಮೇಲಕ್ಕೆ ಓರೆಯಾಗಿ ಹೋಗಿ ನೆತ್ತಿಯಲ್ಲಿ ಕೂಡುತ್ತವೆ. ಅವುಗಳ ಕಾಲು ಹೊರಗೆ ಜಾರದಂತೆ ಕೆಳಗೊಂದು ಅಡ್ಡಗಳ ಹಿಡಿದುಕೊಳ್ಳುತ್ತದೆ. ನಡುವೆ ಸಣ್ಣ ತುಂಡುಗಳು. ಎಲ್ಲ ಸೇರಿ ಮುಕ್ಕೋನಗಳು. ಮುಕ್ಕೋನ ಬಾಗುವುದಿಲ್ಲ, ಮುರಿಯಬೇಕು ಅಷ್ಟೇ. ಕೂಡುವ ಜಾಗಕ್ಕೆ ಬೋಲ್ಟು, ಬೋಲ್ಟಿನ ಸುತ್ತ ಗಳ ಸೀಳದಂತೆ ಕಬ್ಬಿಣದ ಪಟ್ಟಿ. ಪಟ್ಟಿಗಳನ್ನು ಗುಜರಿಯಲ್ಲಿ ಸಿಕ್ಕ ಡಾಂಬರಿನ ಡ್ರಮ್ಮುಗಳಿಂದ ಕತ್ತರಿಸಿಕೊಂಡ.

ಆದರೆ ಗಳಕ್ಕೆ ಬುಡ ದಪ್ಪ, ತುದಿ ಸಣ್ಣ. ಈ ನಾಡಿನಲ್ಲಿ ಮನೆಯ ಮೇಲೆ ಕಟ್ಟಿಗೆ ಇಡುವಾಗ ಬುಡ ದಕ್ಷಿಣಕ್ಕೆ, ತುದಿ ಉತ್ತರಕ್ಕೆ ಇರಬೇಕು. ಎಲ್ಲರೂ ಹಾಗೇ ಇಡುತ್ತಾರೆ. ದೊಡ್ಡ ತೊಲೆಗಳಲ್ಲಿ ಇದರಿಂದ ಏನೂ ತೊಂದರೆ ಇಲ್ಲ. ಕೆಂಪವ್ವ ಅಂಗಳದಲ್ಲಿ ನಿಂತು ಪ್ರತಿಯೊಂದು ಗಳದ ಬುಡವನ್ನು ಮುಟ್ಟಿ ನೋಡಿ, "ಇದು ಈ ಕಡೆ" ಎಂದಳು. ತಾಯಿಗಾಗಿ ಕಟ್ಟುವ ಮಾಡು. ಶಟ್ಟೆಪ್ಪ ಅವಳು ಹೇಳಿದಂತೆ ಮೊದಲ ಕೈಂಚಿ ಕಟ್ಟಿದ.

ಗೋಡೆಗೆ ಏರಿಸುವ ಮೊದಲು ಅದನ್ನು ನೆಲದ ಹತ್ತಿರ ಎರಡು ಕಲ್ಲುಕಟ್ಟೆಗಳ ಮೇಲೆ ನಿಲ್ಲಿಸಿ, ಕಲ್ಲು ತುಂಬಿದ ಚೀಲಗಳನ್ನು ತೂಗುಹಾಕಿದರು. ನಾನೂ ಹೋಗಿದ್ದೆ. ಓಣಿಯೆಲ್ಲ ನೆರೆದಿತ್ತು. ದಕ್ಷಿಣದ ಕಾಲು ನೆಲಕ್ಕೆ ಊರಿದಂತೆ ಗಟ್ಟಿಯಾಗಿ ನಿಂತಿತ್ತು. ಉತ್ತರದಲ್ಲಿ, ಭಾರವೆಲ್ಲ ಬಂದು ಕೂರುವ ಜಾಗದಲ್ಲೇ, ಗಳದ ಸಣ್ಣ ತುದಿ ಇತ್ತು. ಕೊನೆಯ ಚೀಲಕ್ಕೆ ಅದು ಬೋಲ್ಟಿನ ಗುಂಟ ಸೀಳಿ, ಕೈಂಚಿ ಪೂರ್ತಿ ಉತ್ತರಕ್ಕೆ ಮಗುಚಿತು. ಕೋಳಿಗಳು ಓಡಿದವು. ಧೂಳು ಇಳಿದ ಮೇಲೆ ಎಲ್ಲರೂ ಶಟ್ಟೆಪ್ಪನ ಮುಖ ನೋಡಿದರು.

"ಕಲ್ಲ ಭಾಳ ಹಾಕೀದಿ" ಎಂದಳು ಕೆಂಪವ್ವ.

ಮರುದಿನದಿಂದ ಶಟ್ಟೆಪ್ಪ ಬೇರೆ ರೀತಿ ಕಟ್ಟಿದ. ಒಂದು ಗಳದ ಜಾಗದಲ್ಲಿ ಎರಡು ಗಳ, ಮಗ್ಗುಲಿಗೆ ಮಗ್ಗುಲು ಹಚ್ಚಿ. ಒಂದರ ಬುಡ ಇನ್ನೊಂದರ ತುದಿಗೆ. ಹೀಗೆ ಕಟ್ಟಿದರೆ ಜೋಡಿಯ ದಪ್ಪ ಎರಡೂ ಕೊನೆಗಳಲ್ಲಿ ಒಂದೇ. ಅದನ್ನು ನಿಲ್ಲಿಸಿ, ಅವೇ ಚೀಲಗಳನ್ನು ಹಾಕಿ, ಸಾಲದ್ದಕ್ಕೆ ರಾಯಪ್ಪನನ್ನು ಮೇಲೆ ಹತ್ತಿಸಿ, ತಾನು ಕೆಳಗೆ ಜೋತುಬಿದ್ದ. ಕೈಂಚಿ ಕುಯ್ ಎನ್ನಲಿಲ್ಲ.

"ನೋಡ ಬೇ" ಎಂದ, ಜೋತಾಡುತ್ತಲೇ.

ಕೆಂಪವ್ವ ನೋಡಿದಳು. ಕೈಂಚಿಯನ್ನಲ್ಲ, ಬುಡಗಳನ್ನು.

"ತಲಿಗೆ ಕಾಲ ಹಚ್ಚಿ ಕಟ್ಟೀದೀಯಲ್ಲೋ. ಕಟಗಿ ಆದ್ರೇನಾತು, ಅದಕ್ಕ ತಲಿ ಕಾಲ ಇಲ್ಲೇನು? ಒಬ್ಬರ ಮುಖಕ್ಕ ಒಬ್ಬರ ಕಾಲು! ಅಂಥಾ ಮಾಡಿನ ಕೆಳಗ ಲಗ್ನ ಮಾಡತಾರೇನೋ?"

"ಯವ್ವಾ, ನಾವು ಸಣ್ಣವರಿದ್ದಾಗ ಹೆಂಗ ಮಲಗತಿದ್ವಿ?"

ಅವರ ಮನೆ ಒಂದೇ ಖೋಲಿ. ಏಳು ಜನ. ಎಲ್ಲರೂ ಒಂದೇ ಕಡೆ ತಲೆ ಹಾಕಿದರೆ ಹೆಗಲಿಗೆ ಹೆಗಲು ತಾಕಿ ಇಬ್ಬರು ಹೊರಗೆ ಉಳಿಯುತ್ತಿದ್ದರು. ಆದ್ದರಿಂದ ಕೆಂಪವ್ವ ಮಕ್ಕಳನ್ನು ಒಬ್ಬರ ತಲೆ ಆ ಕಡೆ, ಒಬ್ಬರ ತಲೆ ಈ ಕಡೆ ಮಾಡಿ ಮಲಗಿಸುತ್ತಿದ್ದಳು.

"ಅದು ಜಾಗಾ ಸಾಲತಿದ್ದಿಲ್ಲ ಅಂತ" ಎಂದಳು.

"ಇದೂ ಹಂಗ ಬೇ. ದಪ್ಪ ಸಾಲೂದಿಲ್ಲ."

"ಮಂದಿ ಬ್ಯಾರೆ, ಮಾಡ ಬ್ಯಾರೆ. ನಾ ಅದರ ಕೆಳಗ ಬರೂದಿಲ್ಲ."

"ಬರಬ್ಯಾಡ."

"ಬರೂದಿಲ್ಲ."

ಇಬ್ಬರೂ ಸಿಟ್ಟಾಗಿರಲಿಲ್ಲ. ಶಟ್ಟೆಪ್ಪನ ಹೆಂಡತಿ ತಾಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮನೆಯೊಳಗಿನಿಂದ ಕೂಗಿದಳು: "ತಾಯಿ ಮಗ ಇಬ್ಬರೂ ಒಂದ ಗಳ. ಬುಡ ಯಾವುದು ತುದಿ ಯಾವುದು ತಿಳಿಯವಲ್ದು. ಊಟಕ್ಕ ಬರ್ರಿ."

ಕೈಂಚಿಗಳು ಏರಿದವು, ಮೇಲೆ ತಗಡು ಬಿತ್ತು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಪಕ್ಕ ಬುದ್ಧನದು. ಲಗ್ನದ ದಿನ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಲಹಳ್ಳಿಯ ಬೀಗರು ಲಗ್ನಕ್ಕಿಂತ ಹೆಚ್ಚು ಮಾಡನ್ನೇ ನೋಡುತ್ತಿದ್ದರು. ಒಬ್ಬ ಮುದುಕ ನನ್ನನ್ನು ಕೇಳಿದ, "ಇಷ್ಟೊಂದು ಒಲಿಕಟಗಿ ಮ್ಯಾಲ ಯಾಕ ಇಟ್ಟಾರ್ರಿ?"

ಕೆಂಪವ್ವ ಹೊಸ ಇಳಕಲ್ ಸೀರೆ ಉಟ್ಟುಕೊಂಡು ಹೊರಗೆ, ಬಾಗಿಲಿಗೆ ನೇರ ಎದುರಿನ ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದಳು. ಕಾಡವ್ವ ಬಂದು ಕರೆದಳು. ಬೀಗರು ಬಂದು ಕೈಹಿಡಿದರು. ಅವಳು ಎದ್ದು ಬೀಗರಿಗೆ ನಮಸ್ಕಾರ ಮಾಡಿ ಮತ್ತೆ ಅಲ್ಲೇ ಕುಳಿತಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಗಾಳಿ ಎದ್ದು ಮಳೆ ಬಂತು. ತಗಡಿನ ಸದ್ದಿಗೆ ಮಂತ್ರವೂ ಕೇಳಲಿಲ್ಲ, ವಾಲಗವೂ ಕೇಳಲಿಲ್ಲ. ಒಂದು ಹನಿ ಒಳಗೆ ಬೀಳಲಿಲ್ಲ. ರಾಯಪ್ಪ ಗೋಣಿಚೀಲದ ಕೊಪ್ಪೆ ಒಯ್ದು ಕೆಂಪವ್ವನ ತಲೆಗೆ ಹಾಕಿದ. ಅವಳು ಕೊಪ್ಪೆಯೊಳಗಿಂದ ನೋಡುತ್ತ ಕುಳಿತಳು. ಶಟ್ಟೆಪ್ಪ ಬಾಗಿಲಲ್ಲಿ ನಿಂತ ಮಂದಿಯನ್ನೆಲ್ಲ ಎರಡು ಕಡೆಗೆ ಸರಿಸಿ, ದಾರಿಯನ್ನು ತೆರವಾಗಿಟ್ಟು, ಲಗ್ನ ಮುಗಿಯುವವರೆಗೆ ಅಲ್ಲೇ ಕಾವಲು ನಿಂತ.

ಸಂಜೆ ನಾನು ಕೆಂಪವ್ವನನ್ನು ಕೇಳಿದೆ, "ಮಗಳ ಲಗ್ನ ಕಂಡ್ತೇನವಾ?"

"ಎಲ್ಲಾ ಕಂಡ್ತ್ರಿ. ಕಂಬ ಇಲ್ಲಲ್ಲ" ಎಂದಳು.

ಅಂದು ಶಟ್ಟೆಪ್ಪ ನಕ್ಕ. ನಾನು ಮೊದಲೇ ಹೇಳಿದೆ, ನನ್ನ ಮಾತಿಗಲ್ಲ.

ಆಮೇಲಿನ ನಾಲ್ಕೈದು ವರ್ಷ ಅವನಿಗೆ ಕೆಲಸ ಬಂತು. ಸವದತ್ತಿಯಲ್ಲಿ ಒಂದು ಕುಲುಮೆಯ ಮಾಡು. ರಾಮದುರ್ಗದ ಕಡೆ ನೇಕಾರರಿಗೆ ಎರಡು ಮಗ್ಗದ ಮನೆ. ಕಂಬ ಇಲ್ಲದ್ದರಿಂದ ಮಗ್ಗಗಳನ್ನು ಬೇಕಾದ ಹಾಗೆ ಹಾಕಿಕೊಳ್ಳಬಹುದಿತ್ತು. ಉರುವಲು ಮನೆ ಎಂದು ನಕ್ಕವರೂ ಬಂದು ಅಳತೆ ಕೊಟ್ಟು ಹೋದರು. ಕೆಲಸ ಒಪ್ಪಿಕೊಳ್ಳುವ ಮೊದಲು ಅವನು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ: "ನಿಮ್ಮವ್ವ ಇದ್ದಾಳೇನ್ರಿ?" ಇದ್ದಾಳೆ ಎಂದರೆ, "ತಲಿಗೆ ಕಾಲ ಹಚ್ಚತೇನಿ ಅಂತ ಹೇಳ್ರಿ. ಆಕಿ ಒಪ್ಪಿದ ಮ್ಯಾಲ ಬರ್ರಿ." ಒಬ್ಬ ನೇಕಾರ, ನಮ್ಮವ್ವ ಸತ್ತು ಇಪ್ಪತ್ತು ವರ್ಷ ಆಯಿತು ಎಂದ. "ಹಂಗಾರ ನಾಳೆಯಿಂದ ಸುರು ಮಾಡೋಣ" ಎಂದ ಶಟ್ಟೆಪ್ಪ.

ಕೆಂಪವ್ವ ಮಂದಿರದೊಳಗೆ ಕಾಲಿಡಲಿಲ್ಲ. ಅಂಗಳ ದಿನಾ ಗುಡಿಸುತ್ತಿದ್ದಳು. ಹೊಸ್ತಿಲವರೆಗೆ ಸಾರಿಸುತ್ತಿದ್ದಳು. ಹೊರಗಿನವರು ಯಾರಾದರೂ ಬಂದು ಮಾಡಿನ ಬಗ್ಗೆ ಅನುಮಾನ ತೋರಿಸಿದರೆ ಅವರ ಮೇಲೆ ಬೀಳುತ್ತಿದ್ದಳು. "ಏನ ಆಗೇತಿ ಅದಕ್ಕ? ಆನಿ ಹತ್ತಿದ್ರೂ ಬೀಳೂದಿಲ್ಲ. ನಾ ಒಳಗ ಹೋಗೂದಿಲ್ಲ, ಅಷ್ಟ."

ಶಟ್ಟೆಪ್ಪ ಅವಳನ್ನು ಮತ್ತೆ ಕರೆಯಲಿಲ್ಲ. ಆದರೆ ನಾನು ಹೋದಾಗಲೆಲ್ಲ, ಕೈಂಚಿಯ ಕೆಳಗೆ ಕುಳಿತು ಮಾತಾಡುವಾಗ, ಅವನ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು. ಒಮ್ಮೆ, "ಒಂದ ಜೋಡಿ ಬಿಚ್ಚಿ, ಬಾಗಿಲದ ಹತ್ರಿಂದು, ಎರಡೂ ಬುಡ ದಕ್ಷಿಣಕ್ಕ ಮಾಡಿದ್ರ ಹೆಂಗ ಅಂತೀರಿ?" ಎಂದ. ನಾನು ಉತ್ತರ ಕೊಡುವ ಮೊದಲೇ, "ಬೀಳತೈತಿ" ಎಂದು ತಾನೇ ಹೇಳಿ ಎದ್ದು ಹೋದ.

ಈ ವರ್ಷ ಸಂಕ್ರಾಂತಿಯ ನಂತರ ಅವನ ಕಣ್ಣುಗಳು ಹಳದಿಯಾದವು. ಔಷಧ ಕೊಡುವ ಮುದುಕ, ಹೊಗೆ ಇರುವ ಜಾಗದಲ್ಲಿ ಮಲಗಬೇಡ ಎಂದ. ಮನೆಯೆಂಬುದು ಒಂದೇ ಖೋಲಿ, ಅದರಲ್ಲಿ ಒಲೆ. ಆದ್ದರಿಂದ ಮಂದಿರದಲ್ಲಿ ಚಾಪೆ ಹಾಸಿದರು. ನಾನು ಒಂದು ಭಾನುವಾರ ಹೋಗಿ, ಧಾರವಾಡದ ದೊಡ್ಡ ಡಾಕ್ಟರ ಹತ್ತಿರ ಹೋಗೋಣ ಎಂದೆ. "ಜ್ವಾಳದ ಸುಗ್ಗಿ ಮುಗೀಲಿ" ಎಂದ. ಅವನಿಗೆ ಹೊಲ ಇರಲಿಲ್ಲ. ಸುಗ್ಗಿಗೆ ಕೂಲಿ ಹೋಗುತ್ತಿದ್ದವಳು ತಾಯವ್ವ.

ಅವಳು ಬೆಳಿಗ್ಗೆ ಹೊಲಕ್ಕೆ ಹೋದರೆ ಸಂಜೆ ಬರುತ್ತಿದ್ದಳು. ಹಗಲು ಮಜ್ಜಿಗೆ ತರುವ ಕೆಲಸ ಕೆಂಪವ್ವನದು. ಅವಳು ತಂಬಿಗೆ ಹಿಡಿದು ಹೊಸ್ತಿಲಾಚೆ ನಿಂತು ಕೂಗುತ್ತಿದ್ದಳು. ಶಟ್ಟೆಪ್ಪ ಎದ್ದು ಬಾಗಿಲಿಗೆ ಹೋಗಿ, ಕುಡಿದು, ತಂಬಿಗೆ ಕೊಟ್ಟು, ತಿರುಗಿ ಬಂದು ಮಲಗುತ್ತಿದ್ದ. ಕೊನೆಯ ದಿನಗಳಲ್ಲಿ ಗೋಡೆ ಹಿಡಿದು ಹೋಗುತ್ತಿದ್ದ. ಅಲ್ಲಿ ಹಿಡಿದುಕೊಳ್ಳಲು ಕಂಬ ಇರಲಿಲ್ಲ ಎಂಬುದನ್ನು ಅವನೇ ನನಗೆ ತೋರಿಸಿ ಹೇಳಿದ್ದ.

ಮಂಗಳವಾರದ್ದನ್ನು ನನಗೆ ಕೆಂಪವ್ವ ಹೇಳಿದಳು. ಮಣ್ಣು ಕೊಟ್ಟು ಬಂದ ಮೇಲೆ, ಬೇವಿನ ಕಟ್ಟೆಯ ಮೇಲೆ ಕುಳಿತು, ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು.

ಮಧ್ಯಾಹ್ನ ಅವಳು ಎಂದಿನಂತೆ ಹೊಸ್ತಿಲಲ್ಲಿ ನಿಂತು ಕೂಗಿದಳು. ಅವನು ಏಳಲಿಲ್ಲ.

"ಏಳೋ ತಮ್ಮಾ. ಮಜ್ಜಗಿ ತಂದೇನಿ."

"ಏಳಾಕ ಆಗವಲ್ದು ಬೇ. ಅಲ್ಲೇ ಇಡು."

ಇಟ್ಟರೆ ಕುಡಿಸುವವರು ಯಾರು? ಅವಳು ಓಣಿಯ ಕಡೆ ನೋಡಿದಳು. ಸುಗ್ಗಿಯ ಹೊತ್ತು, ಓಣಿಯಲ್ಲಿ ಯಾರೂ ಇರಲಿಲ್ಲ. ಮೇಲೆ ನೋಡಿದಳು.

"ಈ ಬಾಗಿಲದ ಮ್ಯಾಲಿಂದು, ಇದರ ಬುಡ ಯಾವ ಕಡೆ ಐತಿ?"

"ಎರಡೂ ಕಡೆ ಐತಿ" ಎಂದ ಶಟ್ಟೆಪ್ಪ.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಳೆಯಲ್ಲಿ ಅಂಗಳ ದಾಟುವವರಂತೆ ತಲೆ ಬಗ್ಗಿಸಿ, ಒಳಗೆ ಹೋದಳು. ಹೋಗಿ ಅವನ ತಲೆ ಎತ್ತಿ ಹಿಡಿದು ಮಜ್ಜಿಗೆ ಕುಡಿಸಿದಳು. ಎರಡು ಗುಟುಕು ಒಳಗೆ ಹೋಯಿತು. ಉಳಿದದ್ದನ್ನು ಅವಳೇ ಕುಡಿದಳು. ಸ್ವಲ್ಪ ಹೊತ್ತು ಮಾಡನ್ನು ನೋಡುತ್ತ ಕುಳಿತಳು. ಬಿಸಿಲಿನಿಂದ ಬಂದಿದ್ದಳು, ತಂಪಾಗಿತ್ತು. ಅವನ ಮಗ್ಗುಲಲ್ಲೇ, ಚಾಪೆಯ ಅಂಚಿಗೆ, ದಕ್ಷಿಣಕ್ಕೆ ತಲೆ ಮಾಡಿ ಅಡ್ಡಾದಳು.

ಅವನ ತಲೆಯೂ ದಕ್ಷಿಣಕ್ಕೇ ಇತ್ತು. ಅವನು ಕೈ ಊರಿ ಎದ್ದು ಕುಳಿತ. ಅಷ್ಟಕ್ಕೇ ಬಹಳ ಹೊತ್ತು ಹಿಡಿಯಿತು. ದಿಂಬನ್ನು ಕೈಗೆ ತೆಗೆದುಕೊಂಡ.

"ಏನ ಮಾಡಾಕ ಹತ್ತೀಯೋ?" ಎಂದಳು. "ಉತ್ತರಕ್ಕ ತಲಿ ಮಾಡಬ್ಯಾಡೋ ಹುಚ್ಚಪ್ಪಾ."

"ಜಾಗಾ ಸಾಲೂದಿಲ್ಲ ಬೇ" ಎಂದ.

ಇಡೀ ಮಂದಿರ ಖಾಲಿ ಇತ್ತು. ಅವನು ದಿಂಬನ್ನು ಅವಳ ಕಾಲ ಹತ್ತಿರ ಇಟ್ಟು, ಅಂಗೈಯಿಂದ ಎರಡು ಸಲ ತಟ್ಟಿ ಸರಿಮಾಡಿ, ಆ ಕಡೆಗೆ ತಲೆ ಹಾಕಿ ಮಲಗಿದ.